ಮಾಘದಲ್ಲಿ ಬೋಳು, ಯುಗಾದಿಗೆ ಮೊಗ್ಗು

ತೆಲಿಗಿಯಿಂದ ಕೊಟ್ಟೂರಿನವರೆಗೆ, ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಯಾವ ಊರಿನಲ್ಲಾದರೂ ನಾಲ್ಕು ಹಿತ್ತಲು ಸುತ್ತಿದರೆ ಒಂದು ಮಲ್ಲಿಗೆ ಕಂಟಿ ಕಣ್ಣಿಗೆ ಬೀಳುತ್ತದೆ. ಬಚ್ಚಲ ನೀರು ಹರಿಯುವ ಕಡೆಗೇ ನೆಟ್ಟಿರುತ್ತಾರೆ. ಬೇವಿನ ಮರದ ನೆರಳಿನಲ್ಲಿ ಅದು ಗೋಡೆ ಏರಿ, ತಗಡಿನ ಚಪ್ಪರ ಏರಿ ಕಪ್ಪು ಹಸಿರಾಗಿ ಹಬ್ಬಿರುತ್ತದೆ. ಹೂವು ಮಾತ್ರ ದೇವರ ಪಟಕ್ಕೆ ಸಾಕಾಗುವಷ್ಟೂ ಇರುವುದಿಲ್ಲ. ಗೊಬ್ಬರ ಸಾಲದೇನೋ ಎಂದು ಮನೆಯವರು ಇನ್ನೊಂದು ಬುಟ್ಟಿ ಗೊಬ್ಬರ ಹಾಕುತ್ತಾರೆ, ಇನ್ನೆರಡು ಕೊಡ ನೀರು ಸುರಿಯುತ್ತಾರೆ. ಎಲೆ ಮತ್ತಷ್ಟು ದಟ್ಟವಾಗುತ್ತದೆ. ಸಂಜೆಯಾದರೆ ಅದೇ ಮನೆಯ ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಮೊಳದ ಲೆಕ್ಕದಲ್ಲಿ ಹೂವು ಕೊಂಡು ಮುಡಿಯುತ್ತಾರೆ.

ಜನವರಿಯ ಕೊನೆಯ ವಾರದಲ್ಲಿ ಹೂವಿನಹಡಗಲಿ ಸುತ್ತಲಿನ ಮಲ್ಲಿಗೆ ತೋಟಗಳಿಗೆ ಹೋದರೆ ಕಾಣುವುದೇ ಬೇರೆ. ಅಲ್ಲಿ ಗಿಡಕ್ಕೆ ನೀರು ನಿಲ್ಲಿಸಿ ಎಷ್ಟೋ ದಿನಗಳಾಗಿರುತ್ತವೆ. ಎಲೆ ಹಣ್ಣಾಗಿ ಉದುರಿರುತ್ತದೆ. ಕತ್ತರಿ ಹಿಡಿದವರು ಎದೆಮಟ್ಟದ ಕಂಟಿಗಳನ್ನು ನೆಲದಿಂದ ಒಂದೂವರೆ ಅಡಿಗೆ ಇಳಿಸುತ್ತಾ ಸಾಲಿನುದ್ದಕ್ಕೂ ಸಾಗುತ್ತಾರೆ. ಮೊದಲ ಸಲ ನೋಡುವವರಿಗೆ ಕರುಳು ಚುರ್ ಎನ್ನದೆ ಇರದು. ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಕೇಳಲು ಹೋಗುವ ಜನರಿಗೆ ಈ ತೋಟಗಳು ಒಣಕಡ್ಡಿಗಳ ಸಾಲಾಗಿ ಕಾಣುತ್ತವೆ. ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಎಳೆಯುವ ಹೊತ್ತಿಗೂ ಗಿಡ ಪೂರ್ತಿ ಮೈದುಂಬಿರುವುದಿಲ್ಲ. ಈ ಸೀಮೆಯ ಎರಡು ದೊಡ್ಡ ಜಾತ್ರೆಗಳ ಕಾಲದಲ್ಲೇ ಸೀಮೆಗೆ ಹೆಸರು ತಂದ ಹೂವಿನ ಗಿಡ ಬೋಳಾಗಿರುತ್ತದೆ. ಜಾತ್ರೆಯ ದರಕ್ಕೆ ಆಸೆಪಟ್ಟು ಕತ್ತರಿಯನ್ನು ಮುಂದೂಡಿದವನ ತೋಟದಲ್ಲಿ ಯುಗಾದಿಗೆ, ಬಸವ ಜಯಂತಿಗೆ, ಬೇಸಿಗೆಯ ಮದುವೆಗಳಿಗೆ ಬೇಕಾಗುವ ಹೂವು ಕಡಿಮೆಯಾಗುತ್ತದೆ.

ಹಿತ್ತಲಿನ ಕಂಟಿ ಹೂಬಿಡದೆ ಇರುವುದಕ್ಕೆ ಕಾರಣ ಇಲ್ಲೇ ಇದೆ. ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಬಲಿತು ಕಟ್ಟಿಗೆಯಾದ ಹಳೆಯ ಕೊಂಬೆ ಎಲೆ ಹೊರುತ್ತದೆ, ಉದ್ದವಾಗುತ್ತದೆ, ಹೂವಿನ ಗೊಂಚಲು ಕೊಡುವುದು ಅಪರೂಪ. ಗಿಡದಲ್ಲಿ ಎಷ್ಟು ಹೊಸ ಚಿಗುರು ಒಡೆಯಿತೋ ಅಷ್ಟು ಹೂವು. ಸುಮ್ಮನೆ ಬಿಟ್ಟ ಗಿಡ ತನ್ನ ಶಕ್ತಿಯನ್ನು ಹಳೆಯ ಬಳ್ಳಿಯನ್ನು ಉದ್ದ ಮಾಡುವುದಕ್ಕೆ ಕಳೆಯುತ್ತದೆ. ನೀರು ನಿಲ್ಲಿಸಿದಾಗ ಬೆಳವಣಿಗೆ ತಡೆದು, ಗಿಡ ತಾನು ಮಾಡಿಟ್ಟುಕೊಂಡ ಆಹಾರವನ್ನು ಕಾಂಡದಲ್ಲಿ, ಬೇರಿನಲ್ಲಿ ಕೂಡಿಡುತ್ತದೆ. ಆಗ ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಚಿಗುರಾಗಿ ಹೊರಬರುತ್ತದೆ. ಮಲ್ಲಿಗೆಯ ಆರೈಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಈ ಎರಡೇ: ಹೊತ್ತಿಗೆ ಸರಿಯಾಗಿ ಒಣಗಿಸುವುದು, ಧೈರ್ಯವಾಗಿ ಕತ್ತರಿಸುವುದು. ಬೇರೆ ಯಾವ ಮದ್ದೂ, ಯಾವ ದುಬಾರಿ ಗೊಬ್ಬರವೂ ಇವೆರಡರ ಜಾಗ ತುಂಬುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಎಲ್ಲ ಮಲ್ಲಿಗೆಗೂ ಒಂದೇ ತಿಂಗಳು ಕತ್ತರಿ ಹಾಕುವಂತಿಲ್ಲ. ನಿಮ್ಮ ಹಿತ್ತಲಲ್ಲಿರುವುದು ಯಾವುದೆಂದು ಮೊದಲು ನೋಡಿಕೊಳ್ಳಬೇಕು. ದಪ್ಪ ಮೊಗ್ಗಿನ ದುಂಡು ಮಲ್ಲಿಗೆಗೆ ನವೆಂಬರ್ ಕೊನೆ ಸೂಕ್ತ. ಗರಿಯಂಥ ಎಲೆಯ, ಮೊಗ್ಗಿನ ಮೇಲೆ ನಸುಗೆಂಪು ಇರುವ ಜಾಜಿಗೆ ಡಿಸೆಂಬರ್ ಕೊನೆ. ಹಡಗಲಿ ಮಲ್ಲಿಗೆ ಇವೆರಡೂ ಅಲ್ಲ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಜಾಸ್ಮಿನಮ್ ಆರಿಕ್ಯುಲೇಟಮ್ ಎಂಬ ಹೆಸರು. ತಮಿಳುನಾಡಿನವರು ಮುಲ್ಲೈ ಎನ್ನುತ್ತಾರೆ, ನಮ್ಮಲ್ಲಿ ಸೂಜಿಮಲ್ಲಿಗೆ, ವಾಸನೆ ಮಲ್ಲಿಗೆ ಎಂಬ ಹೆಸರುಗಳಿವೆ. ಗುರುತು ಸುಲಭ. ಎಲೆಯ ತೊಟ್ಟಿನ ಎರಡೂ ಬದಿಗೆ ಪುಟ್ಟ ಕಿವಿಗಳ ಹಾಗೆ ಎರಡು ಕಿರು ಎಲೆಗಳಿರುತ್ತವೆ. ಮೊಗ್ಗು ಸಣ್ಣ, ಕೊಳವೆ ನೀಳ. ಈ ಜಾತಿಗೆ ಜನವರಿಯ ಕೊನೆಯ ವಾರವೇ ಸರಿಯಾದ ಕಾಲ. ಆಗ ಸವರಿದರೆ ಮಾರ್ಚ್ ಕೊನೆಗೆ ಮೊಗ್ಗು ಕಾಣಿಸಿಕೊಂಡು, ಏಪ್ರಿಲ್‌ನಿಂದ ಮಳೆಗಾಲದ ತುದಿಯವರೆಗೂ ಹೂವು ಸಿಗುತ್ತದೆ.

ಸವರುವಾಗ ಮೊದಲು ಒಣಗಿದ ಕಡ್ಡಿ, ರೋಗ ಬಡಿದ ಕಡ್ಡಿ, ಗಿಡದ ಒಳಕ್ಕೆ ತಿರುಗಿ ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆಯಬೇಕು. ಆಮೇಲೆ ಉಳಿದದ್ದನ್ನೆಲ್ಲ ನೆಲದಿಂದ 45–50 ಸೆಂ.ಮೀ. ಎತ್ತರಕ್ಕೆ ಕತ್ತರಿಸಬೇಕು. ಹರಿತವಾದ ಕತ್ತರಿ ಬೇಕು. ಮೊಂಡು ಕುಡುಗೋಲಿನಿಂದ ಜಗ್ಗಿದರೆ ತೊಗಟೆ ಸೀಳಿ ಕೊಂಬೆ ಮೇಲಿನಿಂದ ಒಣಗುತ್ತಾ ಬರುತ್ತದೆ. ಹೆಬ್ಬೆರಳು ಗಾತ್ರದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚುವುದು ಒಳ್ಳೆಯದು. ಬುಡದ ಮಣ್ಣನ್ನು ಹಗುರಾಗಿ ಕೆದಕಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಮಣ್ಣಿನಲ್ಲಿ ಅಡಗಿರುವ ಹುಳುಗಳ ಕೋಶಗಳು ಆ ಬಿಸಿಲಿಗೆ ಸಾಯುತ್ತವೆ. ನಂತರ ಪಾತಿ ಮಾಡಿ, ಗಿಡಕ್ಕೆ 10 ಕಿಲೋದಷ್ಟು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕೊಟ್ಟು ನೀರು ಹಾಯಿಸಬೇಕು. ರಾಸಾಯನಿಕ ಗೊಬ್ಬರ ಕೊಡುವವರು ಒಂದು ಅನುಪಾತ ನೆನಪಿಡಲಿ: ಸಾರಜನಕದ ಎರಡರಷ್ಟು ರಂಜಕ, ಎರಡರಷ್ಟು ಪೊಟ್ಯಾಷ್. ಅದನ್ನೂ ಒಂದೇ ಸಲಕ್ಕೆ ಸುರಿಯದೆ ಅರ್ಧ ಈಗ, ಇನ್ನರ್ಧ ಜೂನ್–ಜುಲೈನಲ್ಲಿ ಕೊಡಬೇಕು. ಮನೆಯಲ್ಲಿ ಉಳಿದ ಯೂರಿಯಾವನ್ನಷ್ಟೇ ಮಲ್ಲಿಗೆಗೆ ಎರಚುವ ರೂಢಿ ನಮ್ಮ ಕಡೆ ಬಹಳ. ಎಲೆ ಮಾತ್ರ ಬೆಳೆದು ಹೂವು ಬಾರದಿರುವುದಕ್ಕೆ ಅದೂ ಒಂದು ಕಾರಣ.

ಇಷ್ಟು ಕಟ್ಟುನಿಟ್ಟಿನ ಗಿಡಕ್ಕೆ ಈ ಸೀಮೆ ಯಾಕೆ ಒಗ್ಗಿತು? ತುಂಗಭದ್ರೆ ಪಕ್ಕದಲ್ಲೇ ಹರಿದರೂ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಭೂಮಿ ಮಳೆಗೆ ಬಾಯಿಬಿಡುವ ಭೂಮಿ. ಸೂಜಿಮಲ್ಲಿಗೆಗೆ ಬೇಕಾದದ್ದು ದಿನವಿಡೀ ಬಿಸಿಲು, ನೀರು ನಿಲ್ಲದ ನೆಲ, ಒಣ ಹವೆ. ಮಸಾರಿ ನೆಲದಲ್ಲಿ ಬಾವಿಯೋ ಬೋರೋ ಇದ್ದು, ಹೂವಿನ ಕಾಲದಲ್ಲಿ ವಾರಕ್ಕೊಮ್ಮೆ ಪಾತಿ ತೋಯಿಸುವಷ್ಟು ನೀರು ಸಿಕ್ಕರೆ ಸಾಕು. ನೆರಳಿಲ್ಲದ ಬಯಲು ಜನರಿಗೆ ಕಷ್ಟ ಕೊಟ್ಟಿದೆ, ಈ ಗಿಡಕ್ಕೆ ಅದೇ ವರವಾಗಿದೆ. ತುಂಡು ಭೂಮಿಯ ಸಂಸಾರಗಳು ಬರಗಾಲದಲ್ಲೂ ದಿನದ ಕೈಕಾಸಿಗೆ ಮಲ್ಲಿಗೆಯನ್ನು ನಂಬಿದ್ದು ಇದೇ ಕಾರಣಕ್ಕೆ. ಜೋಳ, ಮೆಕ್ಕೆಜೋಳ ಸುಗ್ಗಿಗೆ ಒಮ್ಮೆ ದುಡ್ಡು ತೋರಿಸುತ್ತವೆ. ಮಲ್ಲಿಗೆ ತಿಂಗಳುಗಟ್ಟಲೆ ಪ್ರತಿದಿನ ತೋರಿಸುತ್ತದೆ.

ಊರಿನ ಹೆಸರಿಗೆ ಹೂವು ಅಂಟಿಕೊಂಡಿರುವುದು ಇಂದು ನೆನ್ನೆಯದಲ್ಲ, ಹಳೆಯ ಶಾಸನಗಳಲ್ಲೇ ಅದು ‘ಪೂವಿನ’ ಎಂದು ಸೇರಿಕೊಂಡಿದೆ. ಇಲ್ಲಿಂದ ಹಡಗುಗಳಲ್ಲಿ ಹಂಪಿಯ ವಿರೂಪಾಕ್ಷನಿಗೆ ಹೂವು ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ಹೊಳೆ ಹಡಗಲಿ ಸೀಮೆಯನ್ನು ದಾಟಿಯೇ ಹಂಪಿಯ ಕಡೆ ಹರಿಯುವುದರಿಂದ ಆ ಮಾತಿನಲ್ಲಿ ನನಗೆ ಅಸಂಭವವೇನೂ ಕಾಣುವುದಿಲ್ಲ. ರಾಜಧಾನಿಯ ಹೂವಿನ ಹಸಿವು ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿಯೂ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಪಟ್ಟಣದ ಎಲ್ಲೆಡೆ ಗುಲಾಬಿ ಮಾರುವುದನ್ನು ಕಂಡು, ಇಲ್ಲಿನವರಿಗೆ ಹೂವು ಊಟದಷ್ಟೇ ಅಗತ್ಯ ಎಂಬರ್ಥದಲ್ಲಿ ಬರೆದಿಟ್ಟ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಎಂಬ ಹೆಸರಿನ ಜಿಲ್ಲೆ ಆದಾಗ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಲ್ಲವೂ ಆ ಹೆಸರಿನಡಿಗೆ ಬಂದವು.

ಇನ್ನು ವಾಸನೆಯ ವಿಷಯ. ಬಿಗಿದ ಮೊಗ್ಗನ್ನು ಮೂಸಿ ನೋಡಿ, ಹೆಚ್ಚೇನೂ ಇರುವುದಿಲ್ಲ. ಮಲ್ಲಿಗೆ ತನ್ನ ಗಂಧವನ್ನು ಬಹುಪಾಲು ಬಿರಿಯುವ ಹೊತ್ತಿನಲ್ಲೇ ತಯಾರಿಸಿ ಗಾಳಿಗೆ ಬಿಡುತ್ತದೆ. ಗಿಡದಿಂದ ಕಿತ್ತ ಮೇಲೂ ಮೊಗ್ಗು ಈ ಕೆಲಸ ನಿಲ್ಲಿಸುವುದಿಲ್ಲ. ಬೆಳಗ್ಗೆ ಕೊಯ್ದು, ಮಧ್ಯಾಹ್ನ ಕಟ್ಟಿ, ಸಂಜೆ ಮುಡಿದ ದಂಡೆ ರಾತ್ರಿ ಮನೆ ತುಂಬಾ ಘಮಘಮಿಸುವುದು ಇದರಿಂದ. ಬೆಂಜೈಲ್ ಅಸಿಟೇಟ್, ಲಿನಲೂಲ್ ಎಂಬ ಎರಡು ವಸ್ತುಗಳು ಈ ಪರಿಮಳದ ಮುಖ್ಯ ಭಾಗ. ಜೊತೆಗೆ ಇಂಡೋಲ್ ಎಂಬುದು ತುಸುವೇ ತುಸು ಇರುತ್ತದೆ. ಅದು ಹೆಚ್ಚಾದರೆ ದುರ್ನಾತ, ಅಷ್ಟು ಕಡಿಮೆ ಇದ್ದಾಗ ಮಲ್ಲಿಗೆಗೆ ಆ ಗಾಢತೆ. ಊದುಬತ್ತಿಯ ಕೃತಕ ಮಲ್ಲಿಗೆ ಎಷ್ಟು ಮಾಡಿದರೂ ಸಪ್ಪೆ ಎನಿಸುವುದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಇಂಥ ಹತ್ತಾರು ವಸ್ತುಗಳ ಹದ, ಗಂಟೆಗಂಟೆಗೂ ಬದಲಾಗುವ ಹದ, ಸೀಸೆಯೊಳಗೆ ಕೂರುವುದು ಕಷ್ಟ.

ಗಿಡ ಈ ಖರ್ಚನ್ನೆಲ್ಲ ಮಾಡುವುದು ರಾತ್ರಿಯ ಪತಂಗಗಳಿಗಾಗಿ. ಕತ್ತಲಲ್ಲಿ ಕಾಣುವ ಬಿಳಿ ಬಣ್ಣ, ಉದ್ದ ನಾಲಿಗೆಗೆ ಮಾತ್ರ ಎಟಕುವ ನೀಳ ಕೊಳವೆ, ಸಂಜೆಯ ನಂತರ ಹೆಚ್ಚುವ ವಾಸನೆ, ಎಲ್ಲವೂ ಅವುಗಳ ಲೆಕ್ಕಕ್ಕೆ. ಮಲ್ಲಿಗೆಯ ಗಂಧ ವಿಜ್ಞಾನಕ್ಕೂ ಒಂದು ಬಾಗಿಲು ತೆರೆಯಿತು. ಜಾಜಿಯ ತೈಲದಿಂದ 1962ರಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಆಗ ಅದು ಅತ್ತರಿನವರ ಆಸಕ್ತಿ ಮಾತ್ರ. 1990ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಈ ವಸ್ತು ಗಾಳಿಯಲ್ಲಿ ತಾಗಿದರೆ ಟೊಮೆಟೊ ಗಿಡ ಹುಳುಗಳನ್ನು ಎದುರಿಸುವ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆಂದು ತೋರಿಸಿದರು. ಇಂದು ಗಿಡಗಳ ರಕ್ಷಣೆಯ ಬಗ್ಗೆ ಮಾತನಾಡುವ ಯಾವ ಪಠ್ಯದಲ್ಲೂ ಮಲ್ಲಿಗೆಯ ಹೆಸರು ಹೊತ್ತ ಈ ವಸ್ತುಗಳು ಇದ್ದೇ ಇರುತ್ತವೆ.

ಸಂಜೆ ಬಿರಿಯುವ ಮೊಗ್ಗು ಸಂಜೆಯೇ ಗಿರಾಕಿಯ ಕೈಯಲ್ಲಿರಬೇಕಾದರೆ ಕೊಯ್ಲು ಸೂರ್ಯೋದಯಕ್ಕೆ ಮೊದಲೇ ಶುರುವಾಗಬೇಕು. ಕೊಯ್ಯುವವರು ಬಹುತೇಕ ಹೆಂಗಸರು. ಪೂರ್ತಿ ಬಲಿತು, ಬೆಳ್ಳಗಾಗಿ, ಇನ್ನೂ ಬಾಯಿ ಬಿಡದ ಮೊಗ್ಗನ್ನು ಮಾತ್ರ ತೊಟ್ಟಿನೊಂದಿಗೆ ಬಿಡಿಸಬೇಕು; ಪಕ್ಕದ ಹಸಿರು ಮೊಗ್ಗು ನಾಳೆಯದು, ಅದಕ್ಕೆ ಉಗುರು ತಾಗಬಾರದು. ಒಂದು ಕಿಲೋ ತೂಗಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಮೊಗ್ಗು ಬೇಕು. ಆ ಎಣಿಕೆಯನ್ನು ಒಮ್ಮೆ ಮನಸ್ಸಿನಲ್ಲಿ ಬೆರಳಿಗೆ ತಂದುಕೊಳ್ಳಿ. ಬಿಸಿಲೇರಿದರೆ ಮೊಗ್ಗಿನ ನೀರು ಆರಿ ತೂಕ ಇಳಿಯುತ್ತದೆ, ತೂಕ ಇಳಿದರೆ ದುಡ್ಡು ಇಳಿಯುತ್ತದೆ. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳು ಬೆಳಗಿನ ಬಸ್ಸುಗಳಿಗೆ ಧಾವಿಸುವುದು ಇದಕ್ಕೇ. ಈ ಕೊಯ್ಲಿಗೆ ಯಂತ್ರ ಬಂದಿಲ್ಲ. ತೋಟಗಳು ಕುಗ್ಗುವ ಮಾತು ಬಂದಾಗಲೆಲ್ಲ ಜನ ನೀರನ್ನು ದೂರುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಈ ಬೆರಳುಗಳದ್ದು. ಬೆಳಗಿನ ನಾಲ್ಕಕ್ಕೆ ಎದ್ದು ಇಷ್ಟು ನಾಜೂಕಿನ ಕೆಲಸ ಮಾಡುವವರಿಗೆ ಕೊಡುವ ಕೂಲಿ ಆ ನಾಜೂಕಿಗೆ ತಕ್ಕದ್ದಾಗಿ ಇರಲೇಬೇಕು.

ದರದ ಏರಿಳಿತವೂ ಕ್ರೂರ. ಮದುವೆಯ ಕಾಲದಲ್ಲಿ, ಶ್ರಾವಣದಲ್ಲಿ ಬೇಡಿಕೆ ಉಕ್ಕುತ್ತದೆ. ನಡುವಿನ ಆಷಾಢದಲ್ಲಿ ಮದುವೆಗಳಿಲ್ಲ, ಗಿಡದಲ್ಲಿ ಹೂವು ಮಾತ್ರ ತುಂಬಿಯೇ ಇರುತ್ತದೆ. ಮಲ್ಲಿಗೆಯನ್ನು ನಾಳೆಗೆ ಇಡುವಂತಿಲ್ಲ. 2020ರ ಏಪ್ರಿಲ್–ಮೇ ತಿಂಗಳಲ್ಲಿ ಲಾಕ್‌ಡೌನಿನಿಂದ ದೇವಸ್ಥಾನ, ಮದುವೆ, ಬಸ್ಸು ಎಲ್ಲವೂ ನಿಂತಾಗ ಹೂಬೆಳೆಗಾರನಿಗೆ ಬೇರೆ ದಾರಿಯೇ ಇರಲಿಲ್ಲ. ಹಡಗಲಿಯಲ್ಲಿ ಸುಗಂಧದ್ರವ್ಯದ ಘಟಕ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಹೂವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿ ಮೇಣದಂಥ ಕಾಂಕ್ರೀಟ್ ತೆಗೆಯುತ್ತಾರೆ, ಅದನ್ನು ಮದ್ಯಸಾರದಲ್ಲಿ ಕರಗಿಸಿ ಶುದ್ಧ ಸಾರ ಮಾಡುತ್ತಾರೆ. ತಮಿಳುನಾಡಿನ ಕೊಯಮತ್ತೂರು, ಮಧುರೈ ಕಡೆ ಈ ಉದ್ಯಮ ಬೇರೂರಿದೆ. 1,000 ಕಿಲೋ ಹೂವಿಗೆ ಸುಮಾರು 3 ಕಿಲೋ ಕಾಂಕ್ರೀಟ್ ಬರುತ್ತದೆ. ಅಷ್ಟು ಹೂವನ್ನು ಸತತವಾಗಿ, ಒಂದು ಕನಿಷ್ಠ ದರಕ್ಕೆ ಕೊಳ್ಳುವ ಘಟಕ ನಡೆಯಬೇಕೆಂದರೆ ಬೆಳೆಗಾರರು ಒಟ್ಟಾಗಿ ನಿಲ್ಲಬೇಕು. ಆಷಾಢದ ಹೂವಿಗೆ ಅದೊಂದು ಆಸರೆಯಾಗುತ್ತದೆ.

2007–08ರಲ್ಲಿ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜೊತೆಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ನೋಂದಣಿ ಸಿಕ್ಕಿತು. ಮೂರರಲ್ಲಿ ಮೈಸೂರಿನದಕ್ಕೆ ಕವಿತೆಯ ಬಲವಿದೆ, ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನ 1942ರಲ್ಲಿ ಬಂದಾಗಿನಿಂದ ಆ ಹೆಸರು ಮನೆಮಾತು. ಉಡುಪಿಯ ಶಂಕರಪುರದ ಮಲ್ಲಿಗೆಗೆ ವ್ಯವಸ್ಥೆಯ ಬಲವಿದೆ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಅಳತೆ ಇದೆ, ದಿನದ ದರ ಊರಿಗೆಲ್ಲ ಗೊತ್ತಾಗುತ್ತದೆ, ಹೆಂಗಸರು ಮನೆಯಲ್ಲೇ ಕಟ್ಟಿ ಕೊಡುತ್ತಾರೆ. ಹಡಗಲಿಯ ಹೂವು ಹೆಚ್ಚಾಗಿ ಬಿಡಿ ಹೂವಾಗಿಯೇ ಊರು ಬಿಡುತ್ತದೆ, ದೂರದ ಮಾರುಕಟ್ಟೆಯಲ್ಲಿ ಬೇರೆ ಮಲ್ಲಿಗೆಯೊಂದಿಗೆ ಕಲೆತು ಹೆಸರು ಕಳೆದುಕೊಳ್ಳುತ್ತದೆ. ನೋಂದಣಿ ಪತ್ರ ಇದ್ದರೂ ಕೊಳ್ಳುವವರ ಬಾಯಲ್ಲಿ ಹೆಸರಿಲ್ಲದಿದ್ದರೆ ಬೆಳೆಗಾರನಿಗೆ ಬರುವುದೇನು? ದಾವಣಗೆರೆ, ಹುಬ್ಬಳ್ಳಿ, ಹೊಸಪೇಟೆಗಳ ಹೂವಿನ ಅಂಗಡಿಯಲ್ಲಿ ‘ಹಡಗಲಿ ಹೂವು ಕೊಡಿ’ ಎಂದು ಕೇಳುವ ಗಿರಾಕಿ ಬೇಕು. ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ಹಿತ್ತಲಿಗೆ ಮರಳೋಣ, ಯಾಕೆಂದರೆ ಗಿಡ ಸವರಿ ಸರಿಯಾಗಿ ಚಿಗುರಿದ ಮೇಲೂ ಒಂದಿಷ್ಟು ಕಣ್ಣಿಡಬೇಕು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಒಳಗೆ ಹುಳು ಇದೆ ಎಂದೇ ಅರ್ಥ. ಅಂಥ ಮೊಗ್ಗುಗಳನ್ನು ಆರಿಸಿ ಸುಡಬೇಕು, ಬೇವಿನ ಬೀಜದ ಕಷಾಯವನ್ನು ಶೇ 5ರ ಪ್ರಮಾಣದಲ್ಲಿ ಸಿಂಪಡಿಸಬೇಕು. ಎಲೆ, ಎಳೆಯ ಕಡ್ಡಿಯ ಮೇಲೆ ಬಿಳಿಯ ಉಣ್ಣೆಯಂಥ ಬೆಳವಣಿಗೆ ಬಂದರೆ ಅದು ನುಸಿ. ಆ ಕಡ್ಡಿ ಕತ್ತರಿಸಿ ತೆಗೆದು, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಿದರೆ ತಹಬಂದಿಗೆ ಬರುತ್ತದೆ. ಎರೆ ಭೂಮಿಯವರಿಗೆ, ಸುಣ್ಣದ ಅಂಶ ಹೆಚ್ಚಿರುವ ನೆಲದವರಿಗೆ ಇನ್ನೊಂದು ತೊಂದರೆ: ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರಿಗೆ 5 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ.

ಮದ್ದಿಲ್ಲದ ರೋಗ ಒಂದಿದೆ. ಹೂವು ಬಿಳಿಯಾಗದೆ ಹಸಿರಾಗಿ, ಎಸಳಿನ ಜಾಗದಲ್ಲಿ ಪುಟ್ಟ ಎಲೆಗಳ ಗೊಂಚಲು ಮೂಡುತ್ತದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ರಸ ಹೀರುವ ಕೀಟಗಳಿಂದ ಹರಡುತ್ತದೆ, ರೋಗವಿದ್ದ ಗಿಡದ ಕಡ್ಡಿ ನೆಟ್ಟರೆ ಹೊಸ ಗಿಡಕ್ಕೂ ಬರುತ್ತದೆ. ಅಂಥ ಗಿಡವನ್ನು ಬೇರುಸಮೇತ ಕಿತ್ತು ಸುಡುವುದೇ ಸರಿ. ಆಸೆಯಿಂದ ಉಳಿಸಿಕೊಂಡರೆ ಅದು ಪಕ್ಕದ ಗಿಡಗಳಿಗೂ ಅಂಟುತ್ತದೆ.

ಹೊಸದಾಗಿ ನೆಡುವವರು ಸಸಿಗೆ ದುಡ್ಡು ಕೊಡಲೇಬೇಕಾಗಿಲ್ಲ. ಮುಂಗಾರು ಹಿಡಿದಾಗ, ಹಸಿರು ಹೂವಿನ ರೋಗ ಇಲ್ಲವೆಂದು ಖಾತ್ರಿಯಾದ, ಚೆನ್ನಾಗಿ ಹೂಬಿಡುವ ಕಂಟಿಯೊಂದನ್ನು ಬೀದಿಯಲ್ಲೇ ಹುಡುಕಿ. ನೆಲಕ್ಕೆ ಬಾಗುವ, ಪೆನ್ಸಿಲ್ ದಪ್ಪದ ಕೊಂಬೆಯ ಒಂದು ಗಿಣ್ಣಿನ ಕೆಳಗೆ ತೊಗಟೆಯನ್ನು ಸ್ವಲ್ಪ ಕೆತ್ತಿ, ಆ ಭಾಗವನ್ನು ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲು ಹೇರಿ, ತುದಿಯನ್ನು ಹೊರಗೆ ಬಿಡಿ. ಮೂರು ನಾಲ್ಕು ತಿಂಗಳಲ್ಲಿ ಬೇರು ಹಿಡಿಯುತ್ತದೆ. ಆಗ ತಾಯಿಗಿಡದಿಂದ ಕತ್ತರಿಸಿ, ಒಂದೂವರೆ ಅಡಿ ಗುಂಡಿಯಲ್ಲಿ ತಿಪ್ಪೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನೆಡಿ. ಗಿಡದಿಂದ ಗಿಡಕ್ಕೆ ಐದು ಅಡಿ ಬಿಡಿ. ಬಚ್ಚಲ ನೀರಿನಿಂದ ದೂರ, ಬೇವಿನ ನೆರಳಿನಿಂದ ಆಚೆ, ಬಿಸಿಲು ಬೀಳುವ ಕಡೆಯೇ ಜಾಗ ಆರಿಸಿ. ಮೊದಲ ವರ್ಷ ತುದಿ ಚಿವುಟುತ್ತಾ ಕವಲು ಒಡೆಯಿಸಿ. ಆಗ ಬರುವ ಒಂದಿಷ್ಟು ಹೂವು ಮುಡಿಗೆ ಸಾಕು. ದೊಡ್ಡ ಕತ್ತರಿಯ ಕೆಲಸ ಎರಡನೇ ವರ್ಷದ ಜನವರಿಯಿಂದ. ಹಾಗೆ ವರ್ಷವರ್ಷವೂ ಸವರಿದ ಗಿಡ ಹತ್ತು ಹನ್ನೆರಡು ವರ್ಷ ಹೂವು ಕೊಡುತ್ತದೆ. ಹಡಗಲಿ ಕಡೆ ನೆಂಟರಿದ್ದರೆ ಮೊದಲ ಸಲ ಅವರನ್ನೇ ಕರೆಸಿ ಸವರಿಸಿ, ಪಕ್ಕದಲ್ಲಿ ನಿಂತು ಯಾವ ಕೊಂಬೆ ಬಿಟ್ಟರು, ಯಾವುದನ್ನು ತೆಗೆದರು ಎಂದು ನೋಡಿ ಕಲಿಯಿರಿ.